ಹೊಳೆಯಾಚೆಯವಳು ಕೊಯ್ದ ಗಂಟು

ನನಗೆ ಅವಳ ಕೈಯ ಮೇಲೆ ಹೊಟ್ಟೆಕಿಚ್ಚಿತ್ತು. ಮುಖದ ಮೇಲಲ್ಲ, ಕೂದಲಿನ ಮೇಲಲ್ಲ, ಆ ವಯಸ್ಸಿನ ಹುಡುಗಿಯರು ಸಾಮಾನ್ಯವಾಗಿ ಯಾವುದಕ್ಕೆ ಕರುಬುತ್ತಾರೋ ಅಂಥ ಯಾವುದರ ಮೇಲೂ ಅಲ್ಲ. ಕೈ. ಗಿಡ್ಡ ಬೆರಳುಗಳ, ಒರಟು ಚರ್ಮದ ಕೈ. ಎಷ್ಟು ಸೋಪು ಹಚ್ಚಿದರೂ ಅದರಿಂದ ಮೀನಿನ ವಾಸನೆ ಹೋಗುವುದಿಲ್ಲ ಎಂದು ನಾನು ನರ್ಸುಗಳಿಗೆಲ್ಲ ಹೇಳುತ್ತಿದ್ದೆ. ವಾಸನೆ ಇರಲಿಲ್ಲ. ಎಂಬತ್ತು ದಾಟಿದ ಮೇಲಾದರೂ ಹೇಳಿಬಿಡಬೇಕು, ಎಂದೂ ಇರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಹೊನ್ನಾವರದಲ್ಲಿ ಹೊಳೆಯ ದಂಡೆಗೆ ಹತ್ತಿರ ಒಂದು ಸಣ್ಣ ಧರ್ಮಾಸ್ಪತ್ರೆಯಿತ್ತು, ಈಗ ಅದರ ಗೋಡೆಯೂ ಉಳಿದಿಲ್ಲ. ಅಲ್ಲಿಯ ಲ್ಯಾಬೊರೇಟರಿಯಲ್ಲಿ ನಾವು ಇಬ್ಬರೇ. ನಾನು ಕುಮಟೆಯವಳು, ಪೋಸ್ಟ್‌ಮಾಸ್ಟರರ ಮಗಳು. ಮಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದವಳು. ಸಿಸ್ಟರುಗಳು ನನಗೆ ಬೆನ್ನು ನೆಟ್ಟಗಿಟ್ಟು ಕೂರುವುದನ್ನು, ದುಂಡಗೆ ಬರೆಯುವುದನ್ನು, ಪೆನ್ಸಿಲಿನಲ್ಲಿ ಹೂವಿನ ಎಸಳನ್ನು ನೆರಳು ಸಮೇತ ಬಿಡಿಸುವುದನ್ನು ಕಲಿಸಿದ್ದರು. ಅದಾದ ಮೇಲೆ ಒಂದು ವರ್ಷ ಲ್ಯಾಬಿನ ಕೋರ್ಸು. ಕೆಲಸಕ್ಕೆ ಸೇರಿದೆನೆಂದು ಕೇಳಿ ಹಿರೇಗುತ್ತಿಯ ನನ್ನ ಅತ್ತೆ, "ಉಚ್ಚೆ ನೋಡೂ ಕೆಲ್ಸಕ್ಕೆ ಅಷ್ಟೆಲ್ಲ ಇಂಗ್ಲಿಷ್ ಎಂತಕ್ಕೆ ಬೇಕಾಗಿತ್ತೆ?" ಎಂದು ಕೇಳಿದ್ದರು. ನನಗೆ ಅಳುವೇ ಬಂದಿತ್ತು.

ಅವಳು ಹೊಳೆಯಾಚೆ ಕಾಸರಕೋಡಿನವಳು. ಶರಾವತಿಗೆ ಆಗಿನ್ನೂ ಸೇತುವೆ ಇರಲಿಲ್ಲ. ದಿನಾ ಬೆಳಿಗ್ಗೆ ಲಾಂಚಿನಲ್ಲಿ ದಾಟಿ ಬರುತ್ತಿದ್ದಳು. ಅಪ್ಪ, ಅಣ್ಣಂದಿರು ದೋಣಿಯವರು, ತಾಯಿ ಬುಟ್ಟಿ ಹೊತ್ತು ಮೀನು ಮಾರುವವಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ವಾರ್ಡಿನಲ್ಲಿ ಬ್ಯಾಂಡೇಜ್ ಸುತ್ತುವ ಕೆಲಸಕ್ಕೆ ಬಂದಿದ್ದಳು. ಅವಳು ಬ್ಯಾಂಡೇಜ್ ಸುತ್ತುವುದನ್ನು ಒಂದು ದಿನ ನಿಂತು ನೋಡಿದ ನಮ್ಮ ಡಾಕ್ಟರ್‌ಬಾಯಿ, "ಈ ಹುಡುಗಿ ಇಲ್ಲಿ ಏನು ಮಾಡುತ್ತಿದ್ದಾಳೆ?" ಎಂದು ಕೈಹಿಡಿದು ಲ್ಯಾಬಿಗೆ ಕರೆತಂದರು.

ಡಾಕ್ಟರ್‌ಬಾಯಿ ಗೋವೆಯ ಕಡೆಯವರು, ಮದುವೆಯಾಗದವರು. ಹೆರಿಗೆ, ಜ್ವರ, ಹಾವಿನ ಕಡಿತ ಎಲ್ಲವನ್ನೂ ಒಬ್ಬರೇ ನೋಡುತ್ತಿದ್ದರು. ಆದರೆ ಅವರ ಪ್ರಾಣ ಇದ್ದದ್ದು ಸ್ಲೈಡುಗಳಲ್ಲಿ. ಎಲ್ಲಿಂದಲೋ ಒಂದು ಹಳೆಯ ಮೈಕ್ರೋಟೋಮ್ ತರಿಸಿದ್ದರು. ದೇಹದಿಂದ ತೆಗೆದ ತುಣುಕನ್ನು ಫಾರ್ಮಾಲಿನ್ನಿನಲ್ಲಿ ನೆನೆಸಿ, ಸ್ಪಿರಿಟಿನಲ್ಲಿ ಅದರ ನೀರಿಳಿಸಿ, ಕರಗಿದ ಮೇಣದಲ್ಲಿ ಮುಳುಗಿಸಿ ಅಚ್ಚು ಹೊಯ್ಯಬೇಕು. ಆರಿದ ಮೇಲೆ ಅದು ಸೋಪಿನ ಚೂರಿನಂಥ ಒಂದು ಬ್ಲಾಕ್. ಅದನ್ನು ಈ ಯಂತ್ರಕ್ಕೆ ಸಿಕ್ಕಿಸಿ ಹಿಡಿಯನ್ನು ತಿರುಗಿಸಿದರೆ, ಕ್ಷೌರದ ಕತ್ತಿಯಂಥ ಅಲಗು ಈರುಳ್ಳಿಯ ಪೊರೆಗಿಂತ ತೆಳುವಾದ ಪದರಗಳನ್ನು ಒಂದರ ಬಾಲಕ್ಕೆ ಇನ್ನೊಂದು ಅಂಟಿದಂತೆ ರಿಬ್ಬನ್ನಿನ ಹಾಗೆ ಕೊಯ್ದು ಕೊಡುತ್ತದೆ. ಕೊಡಬೇಕು. ನನಗೆ ಕೊಡುತ್ತಿರಲಿಲ್ಲ. ನಮ್ಮ ಕಡಲತೀರದ ಸೆಕೆಗೆ ಮೇಣ ಮೆತ್ತಗಾಗಿ, ನಾನು ಹಿಡಿ ತಿರುಗಿಸಿದಾಗಲೆಲ್ಲ ಪದರ ಸುಕ್ಕುಗಟ್ಟಿ ಪುಡಿಯಾಗುತ್ತಿತ್ತು. ಪುಸ್ತಕದಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದೆ. ಅಲಗಿನ ಕೋನ, ಹಿಡಿಯ ವೇಗ, ಎಲ್ಲ ಬೈಹಾರ್ಟ್.

"ಅಕ್ಕೋರೆ, ನಿಮ್ಮ ಬುಕ್ಕು ಚಳಿ ದೇಶದ್ದು," ಎಂದಳು ಅವಳು ಬಂದ ಎರಡನೇ ವಾರ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನಾನು ಇಂಗ್ಲಿಷ್ ಮಾತಾಡುತ್ತೇನೆಂದು ಅವಳು ನನಗೆ ಆ ಪಟ್ಟ ಕಟ್ಟಿದ್ದಳು. "ಹೊನ್ನಾವರದ ಸೆಕೆ ಅದಕ್ಕೆಂತ ಗೊತ್ತದೆ? ಒಂದ್ ಸಲ ಕನ್ನಡದಲ್ಲಿ ಬೈದು ನೋಡಿ, ಮಿಶಿನ್ನು ಕೇಳ್ತದ್ಯೋ ಏನೋ."

ಮರುದಿನ ಬಂದರಿನ ಐಸ್ ಫ್ಯಾಕ್ಟರಿಯಿಂದ, ಮೀನಿನ ಪೆಟ್ಟಿಗೆಗೆ ಹಾಕುವ ಮಂಜುಗಡ್ಡೆಯ ಒಂದು ತುಂಡನ್ನು ಮರದ ಹೊಟ್ಟಿನಲ್ಲಿ ಸುತ್ತಿ ತಂದಳು. ಎನಾಮೆಲ್ ತಟ್ಟೆಯಲ್ಲಿ ಅದನ್ನಿಟ್ಟು, ಅದರ ಮೇಲೆ ಮೇಣದ ಬ್ಲಾಕನ್ನು ಮಗುಚಿ ಹಾಕಿದಳು. ಒಂದಿಷ್ಟು ಹೊತ್ತು ಬಿಟ್ಟು ಯಂತ್ರಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸುವ ಮೊದಲು ಬ್ಲಾಕಿನ ಮುಖದ ಮೇಲೆ ಹಬೆಯಾಡುವಷ್ಟು ಉಸಿರು ಬಿಟ್ಟಳು. ರಿಬ್ಬನ್ ಬಂತು. ಗೇಣುದ್ದ, ಮತ್ತೂ ಗೇಣುದ್ದ. ಅವಳು ಅದನ್ನು ಒದ್ದೆ ಬ್ರಶ್ಶಿನ ತುದಿಯಿಂದ ಎತ್ತಿ ಬಿಸಿನೀರಿನ ಮೇಲೆ ತೇಲಿಬಿಟ್ಟು, ಅಡಿಯಿಂದ ಗಾಜಿನ ಸ್ಲೈಡ್ ತೂರಿಸಿ ಒಂದೇ ಸಲಕ್ಕೆ ಮೇಲೆತ್ತಿದಳು. ಒಂದು ಮಡಿಕೆಯಿಲ್ಲ, ಒಂದು ಗುಳ್ಳೆಯಿಲ್ಲ.

"ಆತು," ಎಂದಳು, ಒಲೆ ಮೇಲಿನ ಅನ್ನ ಬೆಂದಿದೆ ಅನ್ನುವಷ್ಟು ಸಲೀಸಾಗಿ.

ಡಾಕ್ಟರ್‌ಬಾಯಿ ಅವಳ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಕಿಟಕಿಯತ್ತ ಮುಖ ಮಾಡಿ ಸೂಕ್ಷ್ಮದರ್ಶಕದ ಕನ್ನಡಿ ಒರೆಸುತ್ತ ನಿಂತೆ. ಅಂದಿನಿಂದ ನಮ್ಮ ಕೆಲಸ ಹಂಚಿಹೋಯಿತು. ಅವಳು ಕೊಯ್ಯುವುದು, ಬಣ್ಣ ಹಾಕುವುದು. ನಾನು ಮೊದಲು ನೋಡಿ, ಕಂಡದ್ದನ್ನು ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಡಾಕ್ಟರ್‌ಬಾಯಿಯ ಮುಂದಿಡುವುದು. ಹೇಳಿಕೊಳ್ಳಲು ನನ್ನ ಕೆಲಸವೇ ದೊಡ್ಡದು. ಆದರೆ ಡಾಕ್ಟರ್‌ಬಾಯಿ ಸ್ಲೈಡ್ ನೋಡುತ್ತ "ಬ್ಯೂಟಿಫುಲ್" ಎಂದಾಗಲೆಲ್ಲ ಅದು ನನ್ನ ಬರಹಕ್ಕೆ ಅಂದದ್ದಾಗಿರುತ್ತಿರಲಿಲ್ಲ.

ಅದೇ ವರ್ಷ ಬೊಂಬಾಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಡಾಕ್ಟರ್‌ಬಾಯಿಯ ಹಳೆಯ ಪ್ರೊಫೆಸರರ ಕೈಕೆಳಗೆ, ನಮ್ಮಲ್ಲಿ ಒಬ್ಬಳಿಗೆ ಒಂದು ವರ್ಷದ ಟ್ರೇನಿಂಗ್ ಸಿಗುವುದೆಂದಾಯಿತು. ಹಾಸ್ಟೆಲ್ ಸಮೇತ. ಒಬ್ಬಳಿಗೆ. ನಾನು ಅದು ನನ್ನದೇ ಎಂದುಕೊಂಡು ಮನೆಗೂ ಬರೆದುಬಿಟ್ಟಿದ್ದೆ. ಡಾಕ್ಟರ್‌ಬಾಯಿ ಮಾತ್ರ, "ಲೆಟ್ ಮಿ ಸೀ. ದೀಪಾವಳಿಯೊಳಗೆ ಹೇಳುತ್ತೇನೆ. ಇಂಗ್ಲಿಷ್ ಯಾರಿಗಾದರೂ ಕಲಿಸಬಹುದು, ಕೈ ಕಲಿಸುವುದು ಕಷ್ಟ," ಎಂದರು. ಆ ಮಾತು ನನ್ನ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು.

ನಮ್ಮಿಬ್ಬರ ಪರೀಕ್ಷೆಗೆಂದೋ ಏನೋ, ಮೃದ್ವಸ್ಥಿಯನ್ನು ಕೊಯ್ದು ಅಭ್ಯಾಸ ಮಾಡಿ ಎಂದರು. ಕಾರ್ಟಿಲೇಜ್. ಮೂಗಿನ ತುದಿಯಲ್ಲಿ, ಕಿವಿಯ ಹಾಳೆಯಲ್ಲಿ ಕೈಗೆ ಸಿಗುವ ಬಾಗುವ ಎಲುಬು. ಅಲಗಿಗೆ ಅದು ಜಾರುತ್ತದೆ. ಅವಳು ಮರುದಿನ ಮನೆಯಿಂದ ಒಂದು ತುಂಡು ತಂದಳು. "ತಾಟೆ ಮೀನಿಂದು ಡಾಕ್ಟರ್‌ಬಾಯಿ. ಅದಕ್ಕೆ ಗಟ್ಟಿ ಎಲುಬೇ ಇಲ್ಲ, ಮೈಯೆಲ್ಲ ಇದೇ." ತಾಟೆ ಅಂದರೆ ಶಾರ್ಕ್ ಜಾತಿಯ ಮೀನು. ಅದರ ಬೆನ್ನಿನ ತುಂಡನ್ನು ಮೇಣದಲ್ಲಿ ಹೊಯ್ದು ಬ್ಲಾಕ್ ಮಾಡಿಟ್ಟಳು. ಇನ್ನೂ ಕೊಯ್ದಿರಲಿಲ್ಲ.

ಅಷ್ಟರಲ್ಲಿ ಭಟ್ಕಳದ ಹೆಂಗಸು ಬಂದಳು. ಇಪ್ಪತ್ತೆರಡೋ ಇಪ್ಪತ್ತಮೂರೋ, ನವಾಯತ ಮುಸಲ್ಮಾನರ ಮನೆಯ ಸೊಸೆ, ಎರಡು ವರ್ಷದ ಹೆಣ್ಣುಮಗುವಿನ ತಾಯಿ. ಗಂಡನಿಗೆ ಮದರಾಸಿನಲ್ಲಿ ಬಟ್ಟೆ ಅಂಗಡಿ. ಕೆಮ್ಮಿಗೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಅಂಚಿನಲ್ಲಿ ನಾಣ್ಯದಂಥ ಒಂದು ದುಂಡು ನೆರಳು ಕಂಡಿತ್ತು. ಕ್ಷಯವಲ್ಲ ಎಂದು ಡಾಕ್ಟರ್‌ಬಾಯಿಗೆ ಖಚಿತವಿತ್ತು. ಹಾಗಾದರೆ ಏನು? ಕ್ಯಾನ್ಸರ್ ಇರಬಹುದು, ಇಲ್ಲದಿರಬಹುದು. ತೆಗೆದು ಕೊಯ್ದು ನೋಡದೆ ಹೇಳುವಂತಿರಲಿಲ್ಲ. ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದ ಬೊಂಬಾಯಿಯ ಸರ್ಜನ್ ಒಂದು ಸೋಮವಾರ ಎದೆ ತೆರೆದರು. ಗಂಟು ಅಡಿಕೆಯಷ್ಟಿತ್ತಂತೆ, ಹಲಸಿನ ತೊಳೆಯಿಂದ ಬೀಜ ಬಂದ ಹಾಗೆ ಇಡಿಯಾಗಿ ಹೊರಬಂತಂತೆ. ಡಾಕ್ಟರ್‌ಬಾಯಿ ರೋಗಿಯ ತಲೆಯ ಬಳಿ ಪ್ರಜ್ಞೆ ತಪ್ಪಿಸುವ ಈಥರ್ ಕೊಡುತ್ತಿದ್ದುದರಿಂದ ಸರಿಯಾಗಿ ನೋಡಲಾಗಲಿಲ್ಲ. ಸರ್ಜನ್ ಗಂಟನ್ನು ಎರಡು ಹೋಳು ಮಾಡಿ, ಒಂದನ್ನು ತಮ್ಮ ಆಸ್ಪತ್ರೆಗೆ ಒಯ್ದರು. ಇನ್ನೊಂದನ್ನು ಫಾರ್ಮಾಲಿನ್ ಬಾಟಲಿ ಹಿಡಿದು ನಿಂತಿದ್ದ ಹೊಳೆಯಾಚೆಯವಳಿಗೆ ಕೊಟ್ಟರು. ಬೊಂಬಾಯಿಯ ವರದಿ ಪೋಸ್ಟಿನಲ್ಲಿ ಬರಲು ಮೂರು ವಾರವಾದರೂ ಬೇಕು. ನಮ್ಮ ಸ್ಲೈಡ್ ನಾಲ್ಕು ದಿನದಲ್ಲಿ ಆಗುತ್ತಿತ್ತು.

ಶುಕ್ರವಾರ ಅವಳು ಸ್ಲೈಡನ್ನು ನನ್ನ ಮುಂದಿಟ್ಟಳು. "ಇದ್ರಲ್ಲಿ ಎಂತೋ ಬೇರೆ ಅದೆ ಅಕ್ಕೋರೆ. ಕೊಯ್ಯೂವಾಗ ಅಲಗು ಒಂದ್ ಕಡೆ ಗಟ್ಟಿ ಹಿಡೀತದೆ, ಒಂದ್ ಕಡೆ ಬಿಟ್ಟೇ ಬಿಡ್ತದೆ."

ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿ ನೋಡಿದೆ. ತಿಳಿನೀಲಿ, ಗಾಜಿನಂಥ ನೆಲ. ಅದರಲ್ಲಿ ಸಣ್ಣ ಸಣ್ಣ ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದೋ ಎರಡೋ ಕೋಶಗಳು ಜೋಡಿಹಕ್ಕಿಗಳಂತೆ. ಯಾವ ಪುಸ್ತಕ ತೆರೆದರೂ ಮೊದಲ ಪಾಠದಲ್ಲೇ ಸಿಗುವ ಚಿತ್ರ. ಮೃದ್ವಸ್ಥಿ!

ಆ ಭಟ್ಕಳದ ಹೆಂಗಸಿನ ನೆನಪು ಬರಲಿಲ್ಲ, ನಿಜ ಹೇಳುತ್ತೇನೆ. ಸಂತೋಷವಾಯಿತು. ಅಷ್ಟು ಸಂತೋಷ ನನಗೆ ಮೆಟ್ರಿಕ್ ಪಾಸಾದಾಗಲೂ ಆಗಿರಲಿಲ್ಲ. ಶ್ವಾಸಕೋಶದ ಗಂಟಿನ ಬದಲು ಇವಳು ಮೀನನ್ನು ಕೊಯ್ದಿದ್ದಾಳೆ. ಮೀನುಗಾರರ ಮಗಳು ಮೀನನ್ನೇ ಕೊಯ್ದಿದ್ದಾಳೆ.

ಡಾಕ್ಟರ್‌ಬಾಯಿಯ ಕೋಣೆಗೆ ಓಡಿದೆ. "ಡಾಕ್ಟರ್, ಶಿ ಹ್ಯಾಸ್ ಕಟ್ ದ ಫಿಶ್."

ಅವರು ಹೆರಿಗೆ ಕೋಣೆಯಿಂದ ನಡುವೆ ಬಂದವರು, ಲ್ಯಾಬಿನಲ್ಲಿ ನಿಂತಲ್ಲೇ ಬಗ್ಗಿ ಸೂಕ್ಷ್ಮದರ್ಶಕದ ಸಣ್ಣ ಲೆನ್ಸಿನಲ್ಲಿ ನೋಡಿದರು. ಮುಖ ಕೆಂಪಾಯಿತು. ಐಸಿನ ತಟ್ಟೆ ತರಿಸಿದರು. ಎರಡು ಬ್ಲಾಕುಗಳೂ ಅಕ್ಕಪಕ್ಕ ಇದ್ದವು. ಪೆನ್ಸಿಲಿನಲ್ಲಿ ಗುರುತು ಬರೆದು ಅಂಟಿಸಿದ ಚೀಟಿಗಳು ಐಸಿನ ನೀರಿನಲ್ಲಿ ಕಳಚಿ ತಟ್ಟೆಯ ಮೂಲೆಯಲ್ಲಿ ಒದ್ದೆಯಾಗಿ ಬಿದ್ದಿದ್ದವು. ಇನ್ನೊಂದನ್ನೂ ಅಲ್ಲೇ ಕೊಯ್ಯಿಸಿ ನೋಡಿದರು. ಅದೂ ಮೃದ್ವಸ್ಥಿಯೇ.

"ಎರಡೂ ಮೀನು! ಲಂಗ್ ಎಲ್ಲಿ? ಆ ಹೆಂಗಸಿನ ಗಂಟು ಎಲ್ಲಿ?"

"ನಾ ಬದ್ಲು ಮಾಡ್ಲಿಲ್ಲ ಡಾಕ್ಟರ್‌ಬಾಯಿ," ಎಂದಳು ಅವಳು. "ಮೊದ್ಲು ಕೊಯ್ದದ್ದು ಅದೇ ಗಂಟು. ಮೀನು ಕೊಯ್ದ್ರೆ ನಂಗೆ ಕೈಗೇ ಗೊತ್ತಾಗ್ತದೆ. ಹುಟ್ಟಿದಾಗಿಂದ ಕೊಯ್ದಿದ್ದೆ."

"ಶ್ವಾಸಕೋಶದ ಅಂಚಿನಲ್ಲಿ ಇಷ್ಟು ಕಾರ್ಟಿಲೇಜ್ ಎಲ್ಲಿಂದ ಬರಬೇಕು? ಕೈಗೆ ಗೊತ್ತಾಗ್ತದಂತೆ!"

ಅವಳು ನನ್ನ ಕಡೆ ನೋಡಿದಳು. ಅಕ್ಕೋರೆ, ನೀವಾದ್ರೂ ಹೇಳಿ, ಎಂಬಂತೆ. ನಾನು ರಿಜಿಸ್ಟರಿನಲ್ಲಿ ದುಂಡಗೆ, 'ಸ್ಪೆಸಿಮೆನ್ ಲಾಸ್ಟ್' ಎಂದು ಬರೆದೆ. ಅಂದೇ ಅವಳನ್ನು ಲ್ಯಾಬಿನಿಂದ ತೆಗೆದು ವಾರ್ಡಿಗೆ ಹಾಕಿದರು. ಬೆಳಿಗ್ಗೆ ಲ್ಯಾಬಿನ ನೆಲ ಗುಡಿಸಿ ಒರೆಸುವುದಕ್ಕಷ್ಟೇ ಒಳಗೆ ಬರಬೇಕು. ರೋಗಿಯ ತಾಯಿಗೆ ಬೊಂಬಾಯಿಯ ಕಾಗದ ಬರುವವರೆಗೂ ಕಾಯಬೇಕೆಂದು ಹೇಳಲಾಯಿತು.

ಶನಿವಾರ ನಾನೊಬ್ಬಳೇ. ಏಕೋ ಆ ಸ್ಲೈಡನ್ನು ಇನ್ನೊಮ್ಮೆ ನೋಡಬೇಕೆನಿಸಿತು. ಅವಳ ತಪ್ಪನ್ನು ನಿಧಾನವಾಗಿ, ಒಬ್ಬಳೇ ಕೂತು ಸವಿಯಬೇಕೆನಿಸಿತು ಎಂದರೇ ಸರಿ. ಹೆಚ್ಚು ದೊಡ್ಡದು ಮಾಡುವ ಲೆನ್ಸ್ ತಿರುಗಿಸಿ, ಸಿಸ್ಟರುಗಳು ಕಲಿಸಿದ ಹಾಗೆ ಪೆನ್ಸಿಲ್ ಚೂಪು ಮಾಡಿಕೊಂಡು ಚಿತ್ರ ಬಿಡಿಸಲು ಕೂತೆ. ಚಿತ್ರ ಬಿಡಿಸುವವರು ನೋಡಲೇಬೇಕಾಗುತ್ತದೆ. ಬರೀ ನೋಡುವವರಿಗೆ ತಾವು ಅಂದುಕೊಂಡದ್ದೇ ಕಾಣುತ್ತದೆ.

ಮೃದ್ವಸ್ಥಿಯ ದ್ವೀಪಗಳ ನಡುವೆ ಸಣ್ಣ ಸೀಳುಗಳಿದ್ದವು. ಮೊದಲ ದಿನ ಅವನ್ನು ಕೊಯ್ಯುವಾಗ ಆದ ಬಿರುಕು ಎಂದುಕೊಂಡಿದ್ದೆ. ಬಿರುಕಿಗೆ ಅಂಚುಪಟ್ಟಿ ಇರುವುದಿಲ್ಲ. ಇವಕ್ಕೆ ಇತ್ತು. ಎತ್ತರದ ಕಂಬಗಳಂಥ ಕೋಶಗಳು ಸಾಲಾಗಿ ನಿಂತಿದ್ದವು, ಅವುಗಳ ನೆತ್ತಿಯ ಮೇಲೆ ವೆಲ್ವೆಟ್ಟಿನ ಜುಂಗಿನಂತೆ ನವಿರಾದ ರೋಮ. ನಮ್ಮ ಶ್ವಾಸನಾಳದ ಒಳಮೈಯಲ್ಲಿ ಧೂಳನ್ನು ಮೇಲಕ್ಕೆ ತಳ್ಳುವ ರೋಮ, ಸಿಲಿಯಾ. ಪಕ್ಕದಲ್ಲಿ ಒಂದಿಷ್ಟು ಕೊಬ್ಬಿನ ಕೋಶಗಳು, ಸೋಪಿನ ನೊರೆಯಂತೆ ಖಾಲಿ ಖಾಲಿ. ಮೀನಿನ ಬೆನ್ನಿನಲ್ಲಿ ಉಸಿರಿನ ನಾಳದ ಒಳಮೈ ಎಲ್ಲಿಂದ ಬರಬೇಕು? ಎರಡನೆಯ ಬ್ಲಾಕಿನ ಸ್ಲೈಡ್ ಇಟ್ಟು ನೋಡಿದೆ. ಅದರಲ್ಲಿ ಸೀಳೂ ಇಲ್ಲ, ರೋಮವೂ ಇಲ್ಲ. ಅದು ಮೀನು. ಇದು ಭಟ್ಕಳದ ಹೆಂಗಸು.

ಇನ್ನೂ ಒಂದು ಕಂಡಿತು. ಕ್ಯಾನ್ಸರಿನ ಕೋಶಗಳು ಹೇಗಿರುತ್ತವೆಂದು ಡಾಕ್ಟರ್‌ಬಾಯಿ ತೋರಿಸಿದ್ದರು: ಒಂದು ದೊಡ್ಡದು, ಒಂದು ಚಿಕ್ಕದು, ಕಪ್ಪಾದ ಬೀಜ, ಒಡೆದು ಎರಡಾಗುವ ಅವಸರ, ಜಾತ್ರೆಯ ನೂಕುನುಗ್ಗಲು. ಇಲ್ಲಿ ಯಾವ ಕೋಶಕ್ಕೂ ಅವಸರವಿರಲಿಲ್ಲ. ಎಲ್ಲವೂ ಒಂದೇ ಅಳತೆ, ತಂತಮ್ಮ ಜಾಗದಲ್ಲಿ ಸುಮ್ಮನೆ ಕೂತಿದ್ದವು. ಅದಕ್ಕೇನು ಹೆಸರೆಂದು ನನಗೆ ಗೊತ್ತಿರಲಿಲ್ಲ. ಆದರೆ ಅದು ಯಾರನ್ನೂ ಕೊಲ್ಲುವಂಥದ್ದಲ್ಲ ಎಂಬುದು, ದೇವರಾಣೆಗೂ, ನನಗೆ ಆ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೇ ಗೊತ್ತಿತ್ತು.

ಚಿತ್ರವನ್ನು ಹರಿದು ಬುಟ್ಟಿಗೆ ಹಾಕಿದೆ. ಸೂಕ್ಷ್ಮದರ್ಶಕಕ್ಕೆ ಗವಸು ಮುಚ್ಚಿದೆ. ಹೇಳಿದರೆ ಅವಳು ಲ್ಯಾಬಿಗೆ ಮರಳುತ್ತಾಳೆ. ಬರೀ ಮರಳುವುದಲ್ಲ, ಅಂಥ ಕಠಿಣ ಗಂಟನ್ನು ಅಷ್ಟು ಚೆನ್ನಾಗಿ ಕೊಯ್ದವಳಾಗಿ ಮರಳುತ್ತಾಳೆ. ಬೊಂಬಾಯಿ ಅವಳದಾಗುತ್ತದೆ. ವರದಿ ಹೇಗೂ ಮೂರು ವಾರದಲ್ಲಿ ಬರುತ್ತದೆ, ಅಷ್ಟರೊಳಗೆ ದೀಪಾವಳಿ ಬಂದುಹೋಗಿರುತ್ತದೆ, ಯಾರಿಗೆ ಏನು ನಷ್ಟ? ಹೀಗೆ ನನಗೆ ನಾನೇ ಹೇಳಿಕೊಂಡೆ.

ಯಾರಿಗೆ ನಷ್ಟ ಎಂಬುದು ಲ್ಯಾಬಿನ ಹೊರಗಿನ ಬೆಂಚಿನ ಮೇಲೇ ಕೂತಿತ್ತು. ರೋಗಿಯ ತಾಯಿ ದಿನಾ ಬಂದು ಅಲ್ಲಿ ಕೂರುತ್ತಿದ್ದರು, ಕಪ್ಪು ಬುರ್ಖಾ, ಕೈಯಲ್ಲಿ ಜಪಮಣಿ. ಅವರದು ನವಾಯತಿ ಭಾಷೆ, ನಮ್ಮ ಮನೆಯ ನೆರೆಯವರಿಂದ ಕಲಿತ ಕೊಂಕಣಿ ನನ್ನದು. ಎರಡೂ ಅರ್ಧ ದಾರಿಯಲ್ಲಿ ಸೇರುತ್ತಿದ್ದವು. ಉಳಿದದ್ದು ಕನ್ನಡ.

"ಕಾಗದ ಬಂತಾ ಬಾಯಿ?"

"ಇನ್ನೂ ಇಲ್ಲಮ್ಮ."

"ನನ್ನ ಮಗಳು ಕೇಳೂದಿಲ್ಲ ಬಾಯಿ. ಸಾಯ್ತೆ, ಸಾಯ್ತೆ ಅಂತಾಳೆ. ಮಗೂನ ನಾದಿನಿಗೆ ಕೊಡ್ತಾಳಂತೆ, ಮದರಾಸಿಗೆ. ಅವಳಿಗೆ ಮಕ್ಕಳಿಲ್ಲ. ಶುಕ್ರವಾರ ಬಂದು ಕರ್ಕೊಂಡು ಹೋಗ್ತಾಳೆ. ಮಗು ಇನ್ನೂ ಸಣ್ಣದು, ಈಗ ಹೋದ್ರೆ ತಾಯಿ ಮುಖ ಮರೀತದೆ, ಅದೇ ಒಳ್ಳೇದು ಅಂತಾಳೆ. ಹೀಗೆ ಹೇಳೂದುಂಟಾ ಯಾರಾದ್ರೂ?"

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅದು ಮಂಗಳವಾರ. ಬುಧವಾರ ಹೊರಗೆ ಬಂದಾಗ ಹೊಳೆಯಾಚೆಯವಳು ಪೊರಕೆ ಗೋಡೆಗೆ ಒರಗಿಸಿ, ಆ ತಾಯಿಯ ಪಕ್ಕದಲ್ಲಿ ಕೂತಿದ್ದಳು. ಅವರ ಕೈ ಇವಳ ಕೈಯೊಳಗಿತ್ತು.

"ಮಗೂನ ಕೊಡ್ಬೇಡಿ ಅಂತ ಹೇಳಿ ಅಮ್ಮ," ಎನ್ನುತ್ತಿದ್ದಳು. "ಆ ಗಂಟು ನಾನೇ ಕೊಯ್ದದ್ದು. ಕೆಟ್ಟ ಗಂಟು ನಾ ಮೊದ್ಲೂ ಕೊಯ್ದಿದ್ದೆ, ಅದು ಅಲಗಿಗೆ ಕೊಳೆತ ಹಣ್ಣಿನ ಹಾಗೆ ಬತ್ತದೆ. ಇದು ಹಾಗಿಲ್ಲ, ಶುದ್ಧ ಇತ್ತು."

ಆ ತಾಯಿ ತಲೆಯೆತ್ತಿ ನನ್ನನ್ನು ನೋಡಿದರು. "ನೀನು ಕಲಿತವಳು ಬಾಯಿ. ಇವಳು ಹೇಳೂದು ಹೌದಾ?"

ಹೊಳೆಯಾಚೆಯವಳೂ ನೋಡಿದಳು. ಅವಳ ನೋಟದಲ್ಲಿ ಬೇಡಿಕೆಯಿರಲಿಲ್ಲ. ಏನನ್ನೋ ಕಾಯುತ್ತಿರುವವರ ನೋಟ ಅದು.

"ಬೊಂಬಾಯಿಯಿಂದ ಕಾಗದ ಬರಲಿ," ಎಂದೆ ನಾನು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಹೊರಟು, ನಾದಿನಿ ಭಟ್ಕಳದಿಂದ ಬಸ್ಸಿನಲ್ಲಿ ಬಂದು ಲಾಂಚು ದಾಟಿ ಆಸ್ಪತ್ರೆ ತಲುಪುವ ಹೊತ್ತಿಗೆ ನಾಲ್ಕು ಗಂಟೆ. ನಾನು ರಿಜಿಸ್ಟರ್ ಹಿಡಿದು ವಾರ್ಡಿನ ಮುಂದೆ ಹೋಗುತ್ತಿದ್ದೆ. ಮಗುವಿಗೆ ಹೊಸ ಫ್ರಾಕು ತೊಡಿಸಿದ್ದರು. ಭಟ್ಕಳದ ಹೆಂಗಸು ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತು ಮಗುವಿನ ಉಗುರು ಕತ್ತರಿಸುತ್ತಿದ್ದಳು. ಬಲಗೈ ಎತ್ತಿದರೆ ಗಾಯ ಎಳೆಯುತ್ತದೆ, ಹಾಗಾಗಿ ಒಂದೊಂದು ಉಗುರಿಗೂ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ. "ಮದರಾಸಿನವರು ಕೊಳಕು ಅಂತ ಅನ್ನಬಾರ್ದು," ಎನ್ನುತ್ತಿದ್ದಳು. ಮಗು ಕೊಸರಾಡದ ಹಾಗೆ ಅದರ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿದುಕೊಟ್ಟವಳು ಹೊಳೆಯಾಚೆಯವಳು. ಅದರ ತಾಯಿ ಕತ್ತರಿ ಕೆಳಗಿಟ್ಟು ಅವಳಿಗೆ, "ನೀನೊಬ್ಬಳೇ ನಾ ಬದುಕ್ತೆ ಅಂದವಳು," ಎಂದಳು.

ನಾನು ಡಾಕ್ಟರ್‌ಬಾಯಿಯ ಕೋಣೆಗೆ ಓಡಿದ್ದು ಆ ಮಗುವಿನ ಉಗುರುಗಳಿಗಾಗಿಯೋ, ಆ ಮಾತಿಗಾಗಿಯೋ? ಅರವತ್ತು ವರ್ಷ ಕೇಳಿಕೊಂಡಿದ್ದೇನೆ. ಕರುಣೆ ಇರಲಿಲ್ಲವೆಂದಲ್ಲ. ಆದರೆ ಅವಳೊಬ್ಬಳೇ ಒಳ್ಳೆಯವಳಾಗಿ ಉಳಿದುಬಿಡುತ್ತಾಳಲ್ಲ ಎಂಬ ಉರಿಯೂ ಇತ್ತು. ಒಳ್ಳೆಯತನಕ್ಕೂ ಹೊಟ್ಟೆಕಿಚ್ಚು ಪಡಬಹುದೆಂದು ಕಾನ್ವೆಂಟಿನಲ್ಲಿ ಯಾರೂ ಹೇಳಿರಲಿಲ್ಲ.

"ಡಾಕ್ಟರ್, ಪ್ಲೀಸ್ ಕಮ್. ಆ ಸ್ಲೈಡಿನಲ್ಲಿ ಸಿಲಿಯಾ ಇದೆ. ಈಗ ತಾನೇ ಕಂಡೆ."

ಈಗ ತಾನೇ. ಬಾಯಿಂದ ತಾನಾಗಿ ಬಂತು.

ಈ ಸಲ ಅವರು ಕುರ್ಚಿ ಎಳೆದುಕೊಂಡು ಕೂತರು. ತುಂಬ ಹೊತ್ತು ನೋಡಿದರು. ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಹಾಳೆ ಮಗುಚಿದರು, ಒಂದು ಚಿತ್ರದ ಮೇಲೆ ಬೆರಳಿಟ್ಟು, ಮತ್ತೆ ಲೆನ್ಸಿಗೆ ಕಣ್ಣು ಹಚ್ಚಿದರು. "ಹಮಾರ್ಟೋಮಾ," ಎಂದರು. "ನಾನು ಓದಿದ್ದೇನೆ, ಕಂಡಿರಲಿಲ್ಲ. ಶ್ವಾಸಕೋಶ ಕಟ್ಟುವ ಸಾಮಾನುಗಳೇ, ಒಂದು ಕಡೆ ಗುಡ್ಡೆ ಬಿದ್ದಿವೆ ಅಷ್ಟೇ. ಇಟ್ ಈಸ್ ಬಿನೈನ್. ಹರಡುವುದಿಲ್ಲ. ತೆಗೆದಾಯಿತು, ಮುಗಿಯಿತು. ಓ ಮೈ ಗಾಡ್, ಆ ಮಗು!" ಎಂದವರೇ ಸೀರೆ ಎತ್ತಿ ಹಿಡಿದು ವಾರ್ಡಿಗೆ ಓಡಿದರು.

ಮಗು ಹೋಗಲಿಲ್ಲ. ನಾದಿನಿ ಅಲ್ಲೇ ಕಣ್ಣೊರೆಸಿಕೊಂಡು ಅದಕ್ಕೆ ಮುತ್ತಿಟ್ಟು, ಸಂಜೆಯ ಲಾಂಚಿಗೆ ಒಬ್ಬಳೇ ಹೊರಟಳು. ಅಜ್ಜಿ ನನ್ನ ಕೆನ್ನೆಗಳನ್ನು ಹಿಡಿದು ಏನೇನೋ ಹರಸಿದರು. ಡಾಕ್ಟರ್‌ಬಾಯಿ ಎಲ್ಲರ ಎದುರಿಗೆ ಹೊಳೆಯಾಚೆಯವಳ ಕ್ಷಮೆ ಕೇಳಿದರು. "ಆತು ಬಿಡಿ ಡಾಕ್ಟರ್‌ಬಾಯಿ," ಎಂದಳು. ಆಮೇಲೆ ಡಾಕ್ಟರ್‌ಬಾಯಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಕೈ ಇದ್ದವರು ಸಿಗುತ್ತಾರೆ. ಇಂಥ ಕಣ್ಣು ಸಿಗುವುದಿಲ್ಲ. ಬೊಂಬಾಯಿಗೆ ನೀನು ಹೋಗಬೇಕು," ಎಂದರು.

ನಾನು ಬೇಡವೆನ್ನಲಿಲ್ಲ.

ಕೊನೆಗೆ ಬಂದ ಬೊಂಬಾಯಿಯ ವರದಿಯೂ ಹಮಾರ್ಟೋಮಾ ಎಂದೇ ಹೇಳಿತು. ನಾನು ಹೊರಡುವ ಹಿಂದಿನ ದಿನ ಲ್ಯಾಬಿನಲ್ಲಿ ನಾವಿಬ್ಬರೇ ಇದ್ದಾಗ ಅವಳು ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ತೆಗೆದಳು. ನಾಲ್ಕು ತುಂಡುಗಳನ್ನು ಅನ್ನದ ಅಗುಳಿನಿಂದ ಅಂಟಿಸಿದ್ದಳು. ನನ್ನ ಪೆನ್ಸಿಲ್ ಚಿತ್ರ.

"ಚಂದ ಬರೀತ್ರಿ ಅಕ್ಕೋರೆ. ಕೂದ್ಲ ಸಮೇತ ಬರ್ದಿದ್ರಿ. ಸೋಮವಾರ ಕಸ ಹೊಡೂವಾಗ ಬುಟ್ಟೀಲಿ ಸಿಕ್ತು."

"ಡಾಕ್ಟರ್‌ಬಾಯಿಗೆ ಯಾಕೆ ತೋರಿಸಲಿಲ್ಲ?"

"ನೀವೇ ಹೇಳ್ತ್ರಿ ಅಂತ ಕಾದೆ. ಶುಕ್ರವಾರ ಆ ಮಗು ವಾರ್ಡಿನ ಮೆಟ್ಲು ಇಳಿದಿದ್ರೆ ತೋರಿಸ್ತಿದ್ದೆ. ಸೆರಗಲ್ಲೇ ಕಟ್ಕಂಡಿದ್ದೆ." ಕಾಗದವನ್ನು ನನ್ನ ಕೈಗಿಟ್ಟಳು. "ನಂಗೆ ಬೊಂಬಾಯಿ ಆಸೆ ಇರ್ಲಿಲ್ಲ ಅಂತ ಮಾತ್ರ ತಿಳ್ಕಬೇಡಿ. ಇತ್ತು."

ಆಗಲೂ ಸಮಯವಿತ್ತು. ಡಾಕ್ಟರ್‌ಬಾಯಿಯ ಕೋಣೆ ಹತ್ತು ಹೆಜ್ಜೆ ದೂರ. ನಾನು ಟ್ರಂಕು ತುಂಬಲು ಹೋದೆ.

ಬೊಂಬಾಯಿಯಲ್ಲಿ ಮೊದಲ ವಾರವೇ ಪ್ರೊಫೆಸರರು ನಮ್ಮ ನಮ್ಮ ಊರಿನ ಸ್ಲೈಡ್ ತಂದಿದ್ದರೆ ತೋರಿಸಿ ಎಂದರು. ನಾನು ಆ ಗಂಟಿನ ಸ್ಲೈಡ್ ಕೊಟ್ಟೆ. ಅವರು ನೋಡಿದರು, ಎದ್ದು ನಿಂತರು, ಎಲ್ಲರನ್ನೂ ಸಾಲಾಗಿ ಕರೆದು ತೋರಿಸಿದರು. ಮೃದ್ವಸ್ಥಿಯನ್ನೂ ಕೊಬ್ಬನ್ನೂ ಒಂದೇ ಪದರದಲ್ಲಿ ಹರಿಯದ ಹಾಗೆ ಕೊಯ್ಯುವುದೆಂದರೇನು ಎಂದು ಹೇಳಿದರು. "ಹೂ ಕಟ್ ದಿಸ್?"

ಟ್ರೇನಿಂಗಿಗೆ ಬಂದಿದ್ದ ಹತ್ತು ಹುಡುಗಿಯರು ತಿರುಗಿ ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಒಳಗಿನಿಂದ ಗೊತ್ತಿತ್ತು, ಹೊರಗಿನಿಂದ ಕಂಡದ್ದು ಅದೇ ಮೊದಲು. ಎಷ್ಟು ಹಿತವಾಗಿತ್ತೆಂದರೆ, "ಐ ಡಿಡ್, ಸರ್," ಎಂದುಬಿಟ್ಟೆ.

ಮರುದಿನ ಎಲ್ಲರ ಮುಂದೆ ಕೊಯ್ದು ತೋರಿಸು ಎಂದರು. ಒಂದು ಬ್ಲಾಕ್ ಪುಡಿಯಾಯಿತು. ಎರಡನೆಯದೂ ಆಯಿತು. ಮೂರನೆಯದಕ್ಕೆ ಅಲಗೇ ಮುಕ್ಕಾಯಿತು. ಹುಡುಗಿಯರಲ್ಲಿ ಒಬ್ಬಳು ನಕ್ಕಳು. ನಾನು ಎದ್ದು ನಿಂತು, ಅದನ್ನು ಕೊಯ್ದವಳು ಹೊನ್ನಾವರದಲ್ಲಿದ್ದಾಳೆ ಎಂದೆ. ಪ್ರಾಮಾಣಿಕತೆಯಿಂದ ಅಲ್ಲ, ಬೇರೆ ದಾರಿಯಿರಲಿಲ್ಲ.

"ಹಾಗಾದರೆ ಅವರು ನಿನ್ನನ್ನು ಯಾಕೆ ಕಳಿಸಿದರು?" ಎಂದು ಅವರು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಅವರಿಗೆ. ಹೇಳಿದೆ. ಶನಿವಾರದಿಂದ ಶುಕ್ರವಾರದವರೆಗಿನದೆಲ್ಲ, ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ. ಅವರು ಅದನ್ನೇ ಡಾಕ್ಟರ್‌ಬಾಯಿಗೆ ಬರೆದು, ಆ ಇನ್ನೊಬ್ಬಳನ್ನು ಕೂಡಲೇ ಕಳಿಸಿಕೊಡಿ, ಅವಳಿಗೂ ಒಂದು ಜಾಗ ಮಾಡುತ್ತೇನೆ ಎಂದು ಕೇಳಿದರು. ಎರಡು ವಾರದ ಮೇಲೆ ಉತ್ತರ ಬಂತು. ಪ್ರೊಫೆಸರರು ಓದಿ, ಮಡಚಿ ನನ್ನ ಕೈಗೆ ಕೊಟ್ಟರು.

ನನ್ನ ವಿಷಯಕ್ಕೆ ಅದರಲ್ಲಿ ಒಂದು ಅಕ್ಷರವಿರಲಿಲ್ಲ, ಬೈಗುಳವೂ ಇಲ್ಲ. 'ಅವಳಿಗೆ ನಿಮ್ಮ ಕಾಗದ ಓದಿ ಹೇಳಿದೆ, ಹೋಗುತ್ತೀಯಾ ಎಂದು ಕೇಳಿದೆ, ನೀವು ಒಬ್ಬರೇ ಆಗ್ತ್ರಿ ಡಾಕ್ಟರ್‌ಬಾಯಿ ಅಂದಳು,' ಎಂದು ಬರೆದಿದ್ದರು. ಕೊನೆಗೆ ಅವರದೇ ಒಂದು ಸಾಲು: 'ಐ ಕೆನಾಟ್ ಸ್ಪೇರ್ ಹರ್.'

ಅವಳನ್ನು ಬಿಟ್ಟಿರಲಾರೆ. ಮೆಟ್ಟಿಲ ಮೇಲೆ ನಿಂತು ಆ ಸಾಲನ್ನು ಎಷ್ಟು ಸಲ ಓದಿದೆನೋ. ಆಮೇಲೆ ನಲವತ್ತು ವರ್ಷ ಬೇರೆ ಬೇರೆ ಊರುಗಳ ಲ್ಯಾಬುಗಳಲ್ಲಿ ದುಡಿದೆ, ಒಳ್ಳೆಯ ಸರ್ಟಿಫಿಕೇಟುಗಳು ಬಂದವು. ಅಂಥ ಸಾಲೊಂದನ್ನು ನನಗಾಗಿ ಯಾರೂ ಬರೆಯಲಿಲ್ಲ.